ಪದಚರ್ಚೆ: ‘ಕಾಲಯಾನ’ದಲ್ಲಿ ಮುಂದೆ ಯಾವುದು, ಹಿಂದೆ ಯಾವುದು?

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರಗಳು.

ಪ್ರೌಢಶಾಲೆಯ ಮಕ್ಕಳಿಗಾಗಿ ಸಾಪೇಕ್ಷತಾ ಸಿದ್ಧಾಂತವನ್ನು ಕುರಿತು ಒಂದು ಸಣ್ಣ ಪುಸ್ತಿಕೆ ಬರೆಯುವ ಕೆಲಸವನ್ನು ಹೋದ ಮಳೆಗಾಲದಲ್ಲಿ ಕೈಗೆತ್ತಿಕೊಂಡೆ. ಕರಡನ್ನು ಓದಿ ನೋಡಲೆಂದು ನೆರೆಮನೆಯ ಒಂಬತ್ತನೆಯ ತರಗತಿಯ ಹುಡುಗಿಗೆ ಕೊಟ್ಟಿದ್ದೆ. ಅವಳು ಒಂದು ವಾಕ್ಯದ ಕೆಳಗೆ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದು, ಅಂಚಿನಲ್ಲಿ ‘ಸರ್, ಮುಂದೆಯೋ ಹಿಂದೆಯೋ?’ ಎಂದು ಬರೆದು ಮರಳಿ ಕೊಟ್ಟಳು. ನನ್ನ ವಾಕ್ಯ ಹೀಗಿತ್ತು: ‘ಅತಿವೇಗವಾಗಿ ಸಾಗುವವನ ಗಡಿಯಾರ ಹಿಂದೆ ಬೀಳುತ್ತದೆ, ಆದ್ದರಿಂದ ಅವನು ಕಾಲದಲ್ಲಿ ಮುಂದೆ ಹೋಗಿರುತ್ತಾನೆ.’ ಭೌತವಿಜ್ಞಾನದ ಮಟ್ಟಿಗೆ ಈ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಹಿಂದೆ ಬಿದ್ದವನು ಮುಂದೆ ಹೋಗುವುದು ಹೇಗೆ ಎಂದು ಕನ್ನಡ ಬಲ್ಲ ಯಾರೂ ಕೇಳಬೇಕಾದದ್ದೇ. ಆ ಎರಡು ಗೆರೆಗಳ ಬೆನ್ನು ಹತ್ತಿ ಹೋದಾಗ ಕಂಡ ಕೆಲವು ಸಂಗತಿಗಳನ್ನೂ ಸಂದೇಹಗಳನ್ನೂ ತಮ್ಮ ಮುಂದೆ ಇಡುತ್ತಿದ್ದೇನೆ.

ಟೈಮ್ ಟ್ರಾವೆಲ್ ಎಂಬುದಕ್ಕೆ ಕಾಲಯಾನ, ಕಾಲಪ್ರಯಾಣ, ಕಾಲಪಯಣ, ಕಾಲಸಂಚಾರ ಮೊದಲಾದ ರೂಪಗಳು ಬರವಣಿಗೆಯಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಯಾವುದು ಮೇಲು ಎಂಬುದಷ್ಟೇ ನನ್ನ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾದ ಎರಡು ಸಂಗತಿಗಳನ್ನು ನಾವು ಒಂದೇ ಪದದ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ, ‘ಕಾಲಯಾನ ಸಾಧ್ಯವೇ’ ಎಂಬ ಪ್ರಶ್ನೆಗೆ ಹೌದು ಎನ್ನುವವರೂ ಇಲ್ಲ ಎನ್ನುವವರೂ ಒಟ್ಟಿಗೇ ಸರಿಯಾಗಿ ಕಾಣುವುದು ಅದರಿಂದಲೇ, ಎಂಬುದು ನನ್ನ ಗುಮಾನಿ.

ಮೊದಲು ಮುಂದೆ-ಹಿಂದೆಗಳ ವಿಷಯ. ಜಾಗವನ್ನು ಹೇಳುವಾಗ ಇವುಗಳಲ್ಲಿ ಗೊಂದಲವಿಲ್ಲ. ಮನೆಯ ಮುಂದಿನ ಅಂಗಳ, ಮನೆಯ ಹಿಂದಿನ ಬೆಟ್ಟ ಎಂದರೆ ಮುಗಿಯಿತು. ಕಾಲವನ್ನು ಹೇಳತೊಡಗಿದೊಡನೆ ಮಾತು ಎರಡು ದಾರಿ ಹಿಡಿಯುತ್ತದೆ. ‘ಮುಂದಿನ ವಾರ’ ಇನ್ನೂ ಬಾರದ್ದು, ‘ಹಿಂದಿನ ವಾರ’ ಆಗಿಹೋದದ್ದು. ಆದರೆ ಅದೇ ಮೂಲದ ‘ಮುಂಚೆ’ ಮತ್ತು ‘ಮುನ್ನ’ ಆಗಿಹೋದದ್ದನ್ನು ಹೇಳುತ್ತವೆ. ಮೊದಲು ಬರುವ ಮಳೆ ಮುಂಗಾರು, ಆಮೇಲೆ ಬರುವುದು ಹಿಂಗಾರು. ಅಂದರೆ ಇಲ್ಲಿ ಮುನ್ ಎಂಬುದು ಮೊದಲಿನದು, ಹಿನ್ ಎಂಬುದು ನಂತರದ್ದು. ಆದರೆ ‘ಹಿಂದಿನ ಮಳೆಗಾಲ’ ಎಂದರೆ ನಂತರದ್ದಲ್ಲ, ಆಗಿಹೋದದ್ದು. ಇದರ ಅತ್ಯಂತ ಸೊಗಸಾದ ಉದಾಹರಣೆ ಪುಸ್ತಕದಲ್ಲೇ ಇದೆ: ಒಂದನೆಯ ಅಧ್ಯಾಯವನ್ನು ಓದುತ್ತಿರುವವನು ಮುನ್ನುಡಿಯನ್ನು ನೋಡಬೇಕಾದರೆ ಹಿಂದಿನ ಪುಟಗಳಿಗೆ ಹೋಗಬೇಕು, ಹಿನ್ನುಡಿಯನ್ನು ನೋಡಬೇಕಾದರೆ ಮುಂದಿನ ಪುಟಗಳಿಗೆ ಹೋಗಬೇಕು.

ಇದು ಭಾಷೆಯ ಅಶಿಸ್ತು ಎಂದು ನನಗೆ ಅನ್ನಿಸುವುದಿಲ್ಲ. ಘಟನೆಗಳನ್ನು ಒಂದರ ಬೆನ್ನಿಗೆ ಒಂದು ಸಾಲಾಗಿ ನಡೆದುಬರುವ ಜನರಂತೆ ಕಂಡರೆ ಸಾಲಿನ ಮುಂಭಾಗದಲ್ಲಿರುವುದು ಮೊದಲಿನದಾಗುತ್ತದೆ. ನಾವೇ ದಾರಿಯಲ್ಲಿ ನಡೆಯುತ್ತಿರುವವರು ಎಂದು ಎಣಿಸಿದರೆ ನಮ್ಮ ಮುಖದ ಎದುರಿಗಿರುವುದು ಇನ್ನೂ ಬಾರದ್ದಾಗುತ್ತದೆ. ಕನ್ನಡ ಎರಡನ್ನೂ ಇಟ್ಟುಕೊಂಡಿದೆ, ಸಂದರ್ಭ ನೋಡಿ ಬಳಸುತ್ತದೆ. ಆದರೆ ದಿನಬಳಕೆಯಲ್ಲಿ ಮೊದಲನೆಯ ನೋಟದ ಪಾಲೇ ಹೆಚ್ಚು ಎಂದು ತೋರುತ್ತದೆ. ‘ಹೋದ ವರ್ಷ’, ‘ಬರುವ ವರ್ಷ’, ‘ಕಳೆದ ತಿಂಗಳು’ ಎನ್ನುವಾಗ ಹೋಗುವುದು, ಬರುವುದು, ಕಳೆಯುವುದು ಎಲ್ಲವೂ ಕಾಲವೇ. ನಾವು ಜಗಲಿಯ ಮೇಲೆ ಕುಳಿತು ನೋಡುತ್ತಿರುತ್ತೇವೆ. ಹಾಗಿದ್ದಮೇಲೆ ‘ಕಾಲಪ್ರಯಾಣ’ ಎಂಬ ಪದವನ್ನು ಮೊದಲ ಸಲ ಕೇಳಿದ ಕನ್ನಡಿಗನಿಗೆ ಕಾಲದ ಪ್ರಯಾಣ, ಅಂದರೆ ಕಾಲವೇ ಮಾಡುವ ಪ್ರಯಾಣ ಎಂಬ ಅರ್ಥ ಹೊಳೆದರೆ ತಪ್ಪು ಅವನದಲ್ಲ. (ಕಾರವಾರದ ಕೊಂಕಣಿ ಸ್ನೇಹಿತರಲ್ಲಿ ‘ಕಾಲ್’ ಎಂದರೆ ನಿನ್ನೆ, ‘ಕಾಳ್’ ಎಂದರೆ ಕಾಲ. ಅವರ ಎದುರು ‘ಕಾಲಯಾನ’ ಎಂದರೆ ನಿನ್ನೆಗೆ ಹೋಗುವುದು ಎಂದಾದೀತು. ಒಂದು ಅರ್ಥದಲ್ಲಿ ಅದು ನಮ್ಮ ಪದಕ್ಕಿಂತ ಖಚಿತವಾಗಿದೆ.)

ಸಮಾಸದ ತೊಡಕು ಇದರ ಬೆನ್ನಿಗೇ ಬರುತ್ತದೆ. ಸಮುದ್ರಯಾನವೆಂದರೆ ಸಮುದ್ರದಲ್ಲಿ ಯಾನ, ವಿಮಾನಯಾನವೆಂದರೆ ವಿಮಾನದಿಂದ ಯಾನ, ಚಂದ್ರಯಾನವೆಂದರೆ ಚಂದ್ರನ ಕಡೆಗೆ ಯಾನ. ಕಾಲಯಾನವನ್ನು ಇವುಗಳಲ್ಲಿ ಯಾವುದರ ಹಾಗೆ ಬಿಡಿಸಬೇಕು? ಸಮುದ್ರಯಾನದ ಹಾಗೆ ಎಂಬುದು ಪದ ಕಟ್ಟಿದವರ ಉದ್ದೇಶವಿರಬೇಕು. ಆದರೆ ಸಮುದ್ರದಲ್ಲಿ ಹೋಗಬಹುದು, ಬರಬಹುದು, ಲಂಗರು ಹಾಕಿ ನಿಲ್ಲಬಹುದು. ಕಾಲದಲ್ಲಿ ಇವುಗಳಲ್ಲಿ ಮೊದಲನೆಯದು ಮಾತ್ರ ನಮಗೆ ದಕ್ಕಿದೆ. ಇನ್ನು ಕಾಲಪಯಣಕ್ಕೆ ಸಂಸ್ಕೃತದೊಡನೆ ತದ್ಭವ ಸೇರಿತೆಂದು ಅರಿಸಮಾಸದ ಆಕ್ಷೇಪ ತೆಗೆಯುವವರು ಇದ್ದಾರು. ನನಗೆ ಅದು ದೊಡ್ಡ ಅಡ್ಡಿಯಾಗಿ ಕಾಣುವುದಿಲ್ಲ.

ನನಗೆ ಹೆಚ್ಚು ಕಾಡಿದ್ದು ಬೇರೆ. ಕರಡನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ, ಒಳಗೆ ಅಡಿಕೆ ಆರಿಸುತ್ತ ಕುಳಿತಿದ್ದ ನಮ್ಮ ದೊಡ್ಡತ್ತೆ ಕೆಲಸ ನಿಲ್ಲಿಸಿ, ‘ಯಾರು ತೀರಿಕೊಂಡ್ರು ತಮಾ?’ ಎಂದು ಕೇಳಿದರು. ಅವರ ಕಿವಿಗೆ ಬಿದ್ದದ್ದು ‘ಅವನು ಕಾಲಯಾನ ಮಾಡಿದನು’ ಎಂಬ ಮಾತು. ‘ಕಾಲವಾದರು’, ‘ಕಾಲವಶರಾದರು’, ‘ಕಾಲಾಧೀನರಾದರು’ ಎಂಬ ಮಾತುಗಳಲ್ಲಿ ಎಂಬತ್ತು ವರ್ಷ ಬದುಕಿದವರಿಗೆ ಕಾಲದ ಕಡೆಗೆ ಹೊರಟ ಯಾನ ಬೇರೆ ಯಾವುದಾಗಲು ಸಾಧ್ಯ? ಕಾಲ ಎಂಬುದು ಯಮನ ಹೆಸರೂ ಹೌದು. ಶಬ್ದಕೋಶದಲ್ಲಿ ಅರ್ಥಗಳನ್ನು ಒಂದು, ಎರಡು, ಮೂರು ಎಂದು ಬೇರೆಬೇರೆ ಇಡಬಹುದು. ಕಿವಿಯಲ್ಲಿ ಹಾಗೆ ಇಡಲು ಬರುವುದಿಲ್ಲ. ಅದಲ್ಲದೆ ನಮ್ಮ ಜಿಲ್ಲೆಯಲ್ಲಿ ‘ಯಾನ’ ಎಂದೊಡನೆ ಯಾಣದ ಕರಿಯ ಬಂಡೆಗಳು ನೆನಪಾಗುವವರೂ ಕಡಿಮೆಯಿಲ್ಲ. ರೊಕ್ಕವಿದ್ದವನು ಗೋಕರ್ಣಕ್ಕೆ, ಸೊಕ್ಕಿದ್ದವನು ಯಾಣಕ್ಕೆ ಎಂಬ ಗಾದೆಯನ್ನು ಕೇಳಿ ಬೆಳೆದವರಿಗೆ ಕಾಲಯಾನಕ್ಕೆ ಬೇಕಾದದ್ದು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಈಗ ವಿಷಯದ ತಿರುಳಿಗೆ ಬರುತ್ತೇನೆ, ಏಕೆಂದರೆ ಪದವನ್ನು ಆರಿಸುವ ಮೊದಲು ಅದು ಹೇಳಬೇಕಾದ ವಸ್ತು ಯಾವುದೆಂದು ತಿಳಿದಿರಬೇಕು. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತೆಯ ಪ್ರಕಾರ, ನಮಗೆ ಹೋಲಿಸಿದರೆ ಚಲಿಸುತ್ತಿರುವ ಗಡಿಯಾರ ನಿಧಾನವಾಗಿ ಓಡುತ್ತದೆ. 1915ರ ಸಾಮಾನ್ಯ ಸಾಪೇಕ್ಷತೆಯ ಪ್ರಕಾರ, ಗುರುತ್ವದ ಆಳದಲ್ಲಿರುವ ಗಡಿಯಾರವೂ ಮೇಲಿರುವುದಕ್ಕಿಂತ ನಿಧಾನ. ಇವು ಕಾಗದದ ಮೇಲಿನ ಮಾತುಗಳಾಗಿ ಉಳಿದಿಲ್ಲ. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಸೀಸಿಯಂ ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿಯನ್ನು ಸುತ್ತಿಬಂದರು; ಪೂರ್ವಕ್ಕೆ ಹೋಗಿ ಬಂದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡು ಹಿಂದಿದ್ದವು, ಪಶ್ಚಿಮಕ್ಕೆ ಹೋಗಿ ಬಂದವು 273 ನ್ಯಾನೊಸೆಕೆಂಡು ಮುಂದಿದ್ದವು. ಕಾರವಾರದ ಬೈತಖೋಲ ಬಂದರಿನಿಂದ ಮೀನಿಗೆ ಹೊರಡುವ ಬೋಟಿನಲ್ಲಿರುವ ಜಿಪಿಎಸ್ ಯಂತ್ರವೂ ಇದೇ ಲೆಕ್ಕವನ್ನು ನಂಬಿ ಬದುಕಿದೆ. ಸುಮಾರು 20,200 ಕಿಲೋಮೀಟರ್ ಎತ್ತರದ ಆ ಉಪಗ್ರಹಗಳ ಗಡಿಯಾರಗಳು ವೇಗದ ದೆಸೆಯಿಂದ ದಿನಕ್ಕೆ 7 ಮೈಕ್ರೊಸೆಕೆಂಡು ಕಳೆದುಕೊಂಡು, ಎತ್ತರದ ದೆಸೆಯಿಂದ 45 ಗಳಿಸಿ, ಒಟ್ಟಿನಲ್ಲಿ 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಅದನ್ನು ಮೊದಲೇ ಸರಿಪಡಿಸಿಟ್ಟಿರುತ್ತಾರೆ. ಏಕೆಂದರೆ ಆ 38 ಮೈಕ್ರೊಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಬಿಡುತ್ತದೆ.

ನಮ್ಮ ಜಿಲ್ಲೆಯಲ್ಲೇ ಲೆಕ್ಕ ಹಾಕಿ ನೋಡಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕಾರವಾರ ಕಡಲಂಚಿನಲ್ಲಿದೆ. ಆದ್ದರಿಂದ ಘಟ್ಟದ ಮೇಲಿನ ಗಡಿಯಾರ ಘಟ್ಟದ ಕೆಳಗಿನ ಗಡಿಯಾರಕ್ಕಿಂತ ವರ್ಷಕ್ಕೆ ಸುಮಾರು 2 ಮೈಕ್ರೊಸೆಕೆಂಡು ಹೆಚ್ಚು ಓಡಬೇಕು. ಅಂದರೆ ಒಂದೇ ದಿನ, ಒಂದೇ ಕ್ಷಣದಲ್ಲಿ ಹುಟ್ಟಿದ ಇಬ್ಬರಲ್ಲಿ ಶಿರಸಿಯವನು ಕೂದಲೆಳೆಯ ಕೋಟಿಯಲ್ಲೊಂದು ಪಾಲಿನಷ್ಟು ಬೇಗ ಮುದುಕನಾಗುತ್ತಾನೆ. ಕಾರವಾರದವನ ಗಡಿಯಾರ ಹಿಂದೆ ಬಿದ್ದಿದೆ. ಅದೇ ಕಾರಣಕ್ಕೆ ಅವನು ತನ್ನ ಲೆಕ್ಕಕ್ಕಿಂತ ಬೇಗನೆ ಶಿರಸಿಯವನ ನಾಳೆಯನ್ನು ಮುಟ್ಟುತ್ತಾನೆ. ಹುಡುಗಿ ಗೆರೆ ಎಳೆದ ವಾಕ್ಯ ಹೇಳಹೊರಟಿದ್ದು ಇದನ್ನೇ. ಒಂದು ‘ಹಿಂದೆ’ ಗಡಿಯಾರದ ಮುಳ್ಳಿನದು, ಒಂದು ‘ಮುಂದೆ’ ಮನುಷ್ಯನ ದಾರಿಯದು. ಎರಡು ಬೇರೆ ನೋಟಗಳನ್ನು ಒಂದೇ ವಾಕ್ಯದಲ್ಲಿ ಹೊಲಿದದ್ದು ನನ್ನ ತಪ್ಪು.

ಹೀಗೆ ‘ಮುಂದೆ ಹೋದವರು’ ಕಥೆಗಳಲ್ಲಿ ಮಾತ್ರ ಇರುವವರಲ್ಲ. ಸೆರ್ಗೆಯ್ ಕ್ರಿಕಲೇವ್ ಎಂಬ ಗಗನಯಾತ್ರಿ ಆರು ಬಾರಿ ಹೋಗಿ ಒಟ್ಟು 803 ದಿನ ಆಕಾಶದಲ್ಲಿದ್ದು, ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ನಮಗಿಂತ ಕಡಿಮೆ ವಯಸ್ಸನ್ನು ಕಂಡಿದ್ದಾರೆ. ಅವರದೇ ಒಂದು ಯಾನದಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆಯಿತು: 1991ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಟವರು 1992ರ ಮಾರ್ಚಿನಲ್ಲಿ ಇಳಿದಾಗ ಆ ದೇಶವೇ ಇರಲಿಲ್ಲ. ಅದಕ್ಕೆ ಸಾಪೇಕ್ಷತೆ ಕಾರಣವಲ್ಲ ಎಂಬುದು ನಿಜವೇ. ಆದರೂ ಹೊರಟ ಊರು ತಿರುಗಿ ಸಿಗದಿರುವುದು ಎಂದರೇನು ಎಂಬುದನ್ನು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿಕ್ಕಿಲ್ಲ ಎಂದೆ, ಭಾಗವತದಲ್ಲಿ ಎರಡು ಇವೆ. ಕುಶಸ್ಥಲಿಯ ರಾಜ ಕಕುದ್ಮಿ ಮಗಳು ರೇವತಿಗೆ ವರನನ್ನು ಕೇಳಲು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಂಧರ್ವರ ಗಾನ ಮುಗಿಯಲೆಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿವೆ, ನೀನು ಮನಸ್ಸಿನಲ್ಲಿಟ್ಟುಕೊಂಡ ವರರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ ಎಂದು ಬ್ರಹ್ಮ ನಗುತ್ತಾನೆ. ಇನ್ನೊಬ್ಬ ಮುಚುಕುಂದ, ದೇವತೆಗಳಿಗಾಗಿ ದುಡಿದು ದಣಿದು ಗುಹೆಯಲ್ಲಿ ಮಲಗಿದವನು, ಕಾಲಯವನ ಬಂದು ಒದ್ದಾಗ ಎದ್ದು, ಅವನನ್ನು ನೋಟದಿಂದಲೇ ಸುಟ್ಟು, ಹೊರಗೆ ಬಂದು ನೋಡಿದರೆ ಮನುಷ್ಯರೂ ಮರಗಳೂ ಕುಳ್ಳಾಗಿಬಿಟ್ಟಿವೆ. (ಕಾಲಯಾನದ ಕಥೆಯಲ್ಲಿ ಕಾಲಯವನ ಎಂಬ ಹೆಸರು ಬರುವುದು ಆಕಸ್ಮಿಕವಷ್ಟೇ, ನಿರುಕ್ತಿಗೆ ಎಳೆಯಬಾರದು.) ಪುರಾಣದಲ್ಲಿ ಸಾಪೇಕ್ಷತೆ ಇತ್ತು ಎಂಬ ವಾದ ನನ್ನದಲ್ಲ, ಅಂಥ ವಾದಕ್ಕೆ ನಾನು ವಿರೋಧಿ. ನಾನು ಗಮನಿಸಿದ್ದು ಕಥೆಯ ವ್ಯಾಕರಣವನ್ನು. ಕಕುದ್ಮಿ ಊರಿಗೆ ಬಂದ, ಕಾಲಕ್ಕೆ ಬರಲಿಲ್ಲ. ಇಬ್ಬರಲ್ಲಿ ಯಾರೂ ‘ನನ್ನ ಕಾಲಕ್ಕೆ ನನ್ನನ್ನು ತಿರುಗಿ ಕಳಿಸು’ ಎಂದು ಬೇಡುವುದಿಲ್ಲ. ಒಬ್ಬ ಮಗಳನ್ನು ಬಲರಾಮನಿಗೆ ಕೊಟ್ಟು ತಪಸ್ಸಿಗೆ ಹೋಗುತ್ತಾನೆ, ಇನ್ನೊಬ್ಬ ಉತ್ತರ ದಿಕ್ಕಿಗೆ ನಡೆಯುತ್ತಾನೆ.

ಯಾನ, ಪ್ರಯಾಣ ಎಂಬ ಪದಗಳ ಮೇಲಿನ ನನ್ನ ಮುಖ್ಯ ಆಕ್ಷೇಪ ಇಲ್ಲಿಂದ ಹುಟ್ಟಿದ್ದು. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೇನೆ’ ಎನ್ನಬಾರದು, ‘ಬರ್ತೇನೆ’ ಎನ್ನಬೇಕು. ಬಾಯಿತಪ್ಪಿ ಹೋಗ್ತೇನೆ ಎಂದರೆ ಹಿರಿಯರು ತಿದ್ದುತ್ತಾರೆ. ಯಕ್ಷಗಾನ ಮೇಳದ ತಿರುಗಾಟವಾಗಲಿ, ಮಠಾಧೀಶರ ಸಂಚಾರವಾಗಲಿ, ತೀರ್ಥಯಾತ್ರೆಯಾಗಲಿ, ಮರಳಿ ಬರುವುದು ಆ ಪದಗಳ ಹೊಟ್ಟೆಯಲ್ಲೇ ಇದೆ. ಅಳತೆಗೆ ಸಿಕ್ಕಿರುವ ಕಾಲಯಾನದಲ್ಲಿ ಆ ಮರಳುವಿಕೆ ಇಲ್ಲ. ಅದು ‘ಹೋಗ್ತೇನೆ’ ಎಂದೇ ಹೇಳಿ ಹೋಗಬೇಕಾದ ಹೋಗುವಿಕೆ.

ಹಿಂದಕ್ಕೆ ಹೋಗುವುದರ ಸ್ಥಿತಿ ಪೂರ್ತಿ ಬೇರೆ. ಅದನ್ನು ಯಾರೂ ಅಳೆದಿಲ್ಲ, ಕಂಡಿಲ್ಲ. ಆದರೆ ಐನ್‌ಸ್ಟೈನರ ಸಮೀಕರಣಗಳು ಅದನ್ನು ನೇರವಾಗಿ ನಿಷೇಧಿಸುವುದೂ ಇಲ್ಲ. 1949ರಲ್ಲಿ ತರ್ಕಶಾಸ್ತ್ರಜ್ಞ ಗೋಡೆಲ್, ಇಡೀ ವಿಶ್ವವೇ ತಿರುಗುತ್ತಿದ್ದರೆ ಮುಂದೆ ಮುಂದೆ ಸಾಗುತ್ತಲೇ ತನ್ನ ನಿನ್ನೆಯನ್ನು ತಲುಪುವ ದಾರಿಗಳು ಇರುತ್ತವೆ ಎಂದು ಸಮೀಕರಣಗಳಿಂದಲೇ ತೋರಿಸಿದರು. ನಾವಿರುವ ವಿಶ್ವ ಹಾಗೆ ತಿರುಗುತ್ತಿರುವುದು ಕಂಡುಬಂದಿಲ್ಲ. 1988ರಲ್ಲಿ ಕಿಪ್ ಥಾರ್ನ್ ಮತ್ತು ಸಂಗಡಿಗರು ದೇಶಕಾಲದ ಎರಡು ಕಡೆಗಳನ್ನು ಸುರಂಗದಂತೆ ಜೋಡಿಸುವ ಹುಳುರಂಧ್ರಗಳ (ವರ್ಮ್‌ಹೋಲ್) ಮೂಲಕ ಇನ್ನೊಂದು ದಾರಿಯನ್ನು ಪರಿಶೀಲಿಸಿದರು. ಆ ರಂಧ್ರ ಮುಚ್ಚಿಕೊಳ್ಳದಂತೆ ಹಿಡಿದಿಡಲು ಋಣಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆಯಾದ ಶಕ್ತಿ ಬೇಕು, ಅದನ್ನು ಅಷ್ಟು ಪ್ರಮಾಣದಲ್ಲಿ ಒಟ್ಟುಮಾಡುವ ಉಪಾಯ ಯಾರಲ್ಲೂ ಇಲ್ಲ. ಸ್ಟೀಫನ್ ಹಾಕಿಂಗ್ 1992ರಲ್ಲಿ, ಇಂಥ ದಾರಿ ತೆರೆಯದಂತೆ ಪ್ರಕೃತಿಯ ನಿಯಮಗಳೇ ತಡೆಯುತ್ತವೆ ಎಂಬ ಊಹೆಯನ್ನು ಮಂಡಿಸಿದರು. ಅವರು 2009ರ ಜೂನ್ 28ರಂದು ಭವಿಷ್ಯದಿಂದ ಬರುವವರಿಗಾಗಿ ಔತಣ ಏರ್ಪಡಿಸಿ, ಕರೆಯೋಲೆಯನ್ನು ಔತಣ ಮುಗಿದ ಮೇಲೆ ಪ್ರಕಟಿಸಿದರು, ಯಾರೂ ಬಂದಿರಲಿಲ್ಲ. ಕರೆಯೋಲೆ ತಡವಾಗಿ ಮುಟ್ಟಿತೆಂದು ಮುನಿಸಿಕೊಳ್ಳುವ ನೆಂಟರನ್ನು ಕಂಡ ನಮಗೆ ಈ ಪ್ರಯೋಗ ಚೆನ್ನಾಗಿಯೇ ಅರ್ಥವಾಗುತ್ತದೆ.

ಸಮೀಕರಣ ತಡೆಯದಿದ್ದರೂ ಕನ್ನಡ ಇಲ್ಲಿ ತಡೆಯುತ್ತದೆ ಎಂಬುದು ನನಗೆ ಕುತೂಹಲದ ಸಂಗತಿ. ‘ನಾಳೆ ಹೊರಟು ಬನವಾಸಿ ತಲುಪುತ್ತೇನೆ’ ಎನ್ನಬಹುದು. ‘ನಾಳೆ ಹೊರಟು ಸಾವಿರದ ಆರುನೂರು ವರ್ಷದ ಹಿಂದೆ ಕದಂಬರ ಬನವಾಸಿಯನ್ನು ತಲುಪುತ್ತೇನೆ’ ಎಂದರೆ ವಾಕ್ಯ ಮುರಿಯುತ್ತದೆ; ‘ವರ್ಷದ ಹಿಂದೆ’ ಎಂಬುದು ‘ತಲುಪಿದೆ’ ಎಂಬ ಭೂತಕಾಲವನ್ನೇ ಬೇಡುತ್ತದೆ, ‘ನಾಳೆ’ ಎಂಬುದು ಅದನ್ನು ಒಪ್ಪುವುದಿಲ್ಲ. ಕ್ರಿಯಾಪದದ ಕಾಲ ಆಡುವವನ ಬಾಳಿಗೆ ಅಂಟಿಕೊಂಡಿರಬೇಕೋ ಪಂಚಾಂಗಕ್ಕೆ ಅಂಟಿಕೊಂಡಿರಬೇಕೋ ಎಂಬ ಪ್ರಶ್ನೆ ನಮ್ಮ ವೈಯಾಕರಣರಿಗೆ ಎದುರಾಗುವ ಸಂಭವವೇ ಇರಲಿಲ್ಲ. ನಾನು ಸದ್ಯಕ್ಕೆ ಆಡುವವನ ಬಾಳಿಗೆ ಅಂಟಿಸಿ, ‘ಹಿಂದೆ’ ಎಂಬುದನ್ನು ಬಿಟ್ಟು, ‘ಕದಂಬರ ಕಾಲದ ಬನವಾಸಿಗೆ ಹೋಗುತ್ತೇನೆ’ ಎಂದು ಊರಿನ ಹೆಸರಿನ ಮರೆಯಲ್ಲಿ ನುಣುಚಿಕೊಂಡಿದ್ದೇನೆ.

ಜೊತೆಗೆ ಇನ್ನೊಂದು ಪದವನ್ನೂ ತಿದ್ದಬೇಕೆನಿಸಿತು. ಅವಳಿಗಳಲ್ಲಿ ಒಬ್ಬ ವೇಗವಾಗಿ ಹೋಗಿಬಂದು ಕಿರಿಯನಾಗಿ ಉಳಿಯುವ ಪ್ರಸಂಗವನ್ನೂ, ಹಿಂದಕ್ಕೆ ಹೋಗಿ ತನ್ನ ಅಜ್ಜನನ್ನೇ ಮದುವೆಗೆ ಮೊದಲು ಕೊಂದವನ ಪ್ರಸಂಗವನ್ನೂ ‘ವಿರೋಧಾಭಾಸ’ ಎಂದೇ ಕರೆಯುವುದು ರೂಢಿ. ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದರೆ ಮೇಲ್ನೋಟಕ್ಕೆ ವಿರೋಧ, ಬಿಡಿಸಿದರೆ ಪರಿಹಾರ. ಅವಳಿಗಳದು ನಿಜಕ್ಕೂ ಅಂಥದ್ದು, ಲೆಕ್ಕ ಬಿಡಿಸಿದರೆ ವಿರೋಧ ಉಳಿಯುವುದಿಲ್ಲ. ಅಜ್ಜನ ಕಥೆಯಲ್ಲಿ ವಿರೋಧ ಆಭಾಸವಲ್ಲ, ನಿಜವಾದ ವಿರೋಧ. ಬಂಜೆಯ ಮಗ ಎಂಬಂತೆ ತನ್ನ ಮಾತನ್ನು ತಾನೇ ಹೊಡೆಯುವಂಥದ್ದು. ಅದಕ್ಕೆ ವದತೋವ್ಯಾಘಾತದಲ್ಲಿರುವ ‘ವ್ಯಾಘಾತ’ವನ್ನು ಎತ್ತಿಕೊಂಡು ‘ಅಜ್ಜನ ವ್ಯಾಘಾತ’ ಎನ್ನಬಹುದೆಂದು ನನ್ನ ಸೂಚನೆ. ಇದಕ್ಕೆ ಆಕ್ಷೇಪವಿದ್ದರೆ ತಿಳಿಸಬೇಕು.

ಮೂಲ ಪ್ರಶ್ನೆಗೆ ನನ್ನ ಕೈಗೆ ಸಿಕ್ಕ ಉತ್ತರ ‘ಕಾಲಾಂತರ’. ದೇಶಾಂತರ ಹೋದ ಎಂದರೆ ಬೇರೆ ನಾಡಿಗೆ ಹೋದ. ಬಂದರೂ ಬಂದಾನು, ಬರಲೇಬೇಕೆಂಬ ನಿಯಮವಿಲ್ಲ. ಹಾಗೆಯೇ ‘ಕಾಲಾಂತರ ಹೋದ’ ಎನ್ನಬಹುದು. ಪಂಚಾಂಗದ ಗಣಿತದಲ್ಲಿ ದೇಶಾಂತರ ಸಂಸ್ಕಾರವೆಂಬುದು ಊರಿನ ಪೂರ್ವ-ಪಶ್ಚಿಮ ದೂರವನ್ನು ಹೊತ್ತಿಗೆ ತಿರುಗಿಸುವ ಲೆಕ್ಕ. ಭಾರತದ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶಕ್ಕಿಂತ ಕಾರವಾರ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 33 ನಿಮಿಷ ತಡ. ದೇಶವೂ ಕಾಲವೂ ಹೀಗೆ ಮೊದಲೇ ಒಂದೇ ಪದದಲ್ಲಿ ಕೈಹಿಡಿದಿರುವಾಗ ಇನ್ನೊಂದು ಹೆಜ್ಜೆ ಇಡಲು ಸಂಕೋಚವೇಕೆ? ‘ಕಾಲಾಂತರದಲ್ಲಿ’ ಎಂಬುದಕ್ಕೆ ‘ಬಹಳ ಕಾಲವಾದ ಮೇಲೆ’ ಎಂಬ ಅರ್ಥ ಈಗಾಗಲೇ ಇರುವುದು ಅಡ್ಡಿಯೆಂದು ಕೆಲವರು ಹೇಳಬಹುದು. ಮುಂದಕ್ಕೆ ಮಾತ್ರ ಹೋಗುವ ಈ ಸಂಗತಿಗೆ ಅದು ಅಡ್ಡಿಯಲ್ಲ, ಆಸರೆ ಎಂದು ನನಗೆ ಕಾಣುತ್ತದೆ.

ಹಿಂದಕ್ಕೆ ಹೋಗುವ ಕಲ್ಪನೆಗೆ ಬೇರೆಯೇ ಒಂದು ಪದ ಬೇಕು. ‘ಕಾಲಯಾನ’ವನ್ನು ಅದಕ್ಕೇ ಬಿಟ್ಟುಕೊಡಬಹುದೇನೋ, ಸಮುದ್ರಯಾನದ ಹಾಗೆ ಹೋಗಿಬರುವ ಕನಸು ಅದರಲ್ಲಿ ಇರುವುದರಿಂದ. ಹಿಂದಿನ ಕಾಲ ಎಂಬುದನ್ನು ಸಮಾಸ ಮಾಡಿ ‘ಹಿಂಗಾಲ’ ಎಂದು ತಂದು ನೋಡಿದೆ. ವ್ಯಾಕರಣ ಒಪ್ಪಿತು, ಆದರೆ ಓದಿದವರಿಗೆ ದನದ ಹಿಂಗಾಲು ಕಂಡಿತು. ‘ಹೊತ್ತುಮರಳಿಕೆ’ ಎಂಬುದೂ ಹೊಳೆದಿದೆ, ಧೈರ್ಯ ಸಾಲದು. ಹಳೆಯ ಸಾಹಿತ್ಯದಲ್ಲಾಗಲಿ ಜನರ ಮಾತಿನಲ್ಲಾಗಲಿ ಇದಕ್ಕೆ ಹತ್ತಿರದ ಬಳಕೆಯನ್ನು ಕಂಡವರಿದ್ದರೆ ಉದಾಹರಣೆಸಹಿತ ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ‘ಕಾಲಾಂತರ’ವು ‘ಹೋಗು’ ಧಾತುವಿನೊಡನೆ ಬಂದ ಪ್ರಯೋಗ ಸಿಕ್ಕರಂತೂ ನನಗೆ ಬಹಳ ಉಪಕಾರವಾಗುತ್ತದೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ಗಡಿಯಾರ ನಿಧಾನವಾದಾಗ ಮನೆಮಾತಿನಲ್ಲಿ ಏನನ್ನುತ್ತಾರೆ ಎಂಬುದನ್ನೂ ತಿಳಿಯುವ ಆಸೆ.

ಹುಡುಗಿಗಾಗಿ ವಾಕ್ಯವನ್ನು ಮುಂದೆ-ಹಿಂದೆಗಳೇ ಇಲ್ಲದಂತೆ ತಿರುಗಿ ಬರೆದೆ: ‘ಬೆಳಕಿನ ವೇಗದ ನೂರಕ್ಕೆ 99.5ರಷ್ಟು ವೇಗದಲ್ಲಿ ಹೋಗಿ ಬಂದವನಿಗೆ ಐದು ವರ್ಷ ಕಳೆದಿತ್ತು, ಊರಿಗೆ ಐವತ್ತು.’ ಈ ಸಲ ಅವಳು ಗೆರೆ ಎಳೆದದ್ದು ‘ಕಳೆದಿತ್ತು’ ಎಂಬುದರ ಕೆಳಗೆ. ಐವತ್ತರಲ್ಲಿ ಐದನ್ನು ಕಳೆಯಬೇಕೇ ಎಂಬುದು ಅವಳ ಪ್ರಶ್ನೆ. ‘ಐದು ವರ್ಷ ತುಂಬಿತ್ತು’ ಎಂದರೆ ಅವನು ಐದು ವರ್ಷದ ಮಗುವಾಗುತ್ತಾನೆ, ‘ಸಂದಿತ್ತು’ ಎಂದರೆ ಅವಳಿಗೆ ಆ ಪದವೇ ಹೊಸದು. ಇಲ್ಲಿ ಯಾವ ಕ್ರಿಯಾಪದ ಹೊಂದೀತು?